ಗುಟ್ಟು ಕಾಯ್ದ ಮನೆಗಳು

ವಿಮಾನ ನಗರದಲ್ಲಿ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಗೇಟಿನಲ್ಲಿ ಮೊದಲು ಕೇಳುವುದು ಹೆಸರು. ಆಮೇಲೆ ಯಾರ ಮನೆಗೆ, ಏನು ಕೆಲಸ, ಫೋನ್ ನಂಬರ್ ಎಷ್ಟು. ಕಾವಲಿನವರು ಮೊಬೈಲಿನಲ್ಲಿ ಬಂದವರ ಮುಖದ ಫೋಟೊ ತೆಗೆಯುತ್ತಾರೆ. ಮೇಲಿನ ಮನೆಯವರು ‘ಸರಿ, ಬಿಡಿ’ ಎಂದ ಮೇಲೆಯೇ ಒಳಗೆ ದಾರಿ. ಪುಣೆಯ ಈ ಬಡಾವಣೆ ಬೆಳೆದದ್ದು ವಿಮಾನ ನಿಲ್ದಾಣದ ಮಗ್ಗುಲಲ್ಲಿ. ಇಲ್ಲಿರುವ ಎಷ್ಟೋ ಮಂದಿ ನನ್ನಂತೆ ಬೇರೆ ಊರಿನಿಂದ ಬಂದವರು. ಗುರುತಿಲ್ಲದವರ ನಡುವೆ ಬದುಕುವಾಗ ಇಷ್ಟು ಎಚ್ಚರ ಬೇಕು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ.

ಇಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಹಳೆಯ ಪುಣೆಯ ಗಂಜ್ ಪೇಠೆಯಲ್ಲಿ, ಒಂದು ಕಾಲಕ್ಕೆ ಇದಕ್ಕೆ ತೀರ ವಿರುದ್ಧವಾದ ಬಾಗಿಲೊಂದಿತ್ತು. 1863ರ ಸುಮಾರಿಗೆ ಪುಣೆಯ ಬ್ರಾಹ್ಮಣರ ಓಣಿಗಳ ಮೂಲೆಗೋಡೆಗಳಲ್ಲಿ ಅಚ್ಚಾದ ಕಾಗದಗಳು ಕಾಣಿಸಿಕೊಂಡವು. ಬಸುರಾದ ವಿಧವೆಯರು ಇಲ್ಲಿಗೆ ಬರಬಹುದು, ಗುಟ್ಟಾಗಿ, ಸುರಕ್ಷಿತವಾಗಿ ಹೆರಬಹುದು, ಮಗುವನ್ನು ಜೊತೆಗೆ ಒಯ್ಯುವುದೋ ಇಲ್ಲೇ ಬಿಡುವುದೋ ಅವರವರ ಇಷ್ಟ. ಆ ಕಾಗದದ ತಿರುಳು ಇಷ್ಟೇ. ಅದನ್ನು ಅಂಟಿಸಿದವರು ಮಾಳಿ ಜಾತಿಯ ಜೋತಿರಾವ್ ಫುಲೆ. ಬಾಗಿಲು ಅವರದೇ ಮನೆಯ ಅಂಗಳದ್ದು. ಒಳಗೆ ಬಂದವರನ್ನು ನೋಡಿಕೊಳ್ಳುತ್ತಿದ್ದವರು ಅವರ ಹೆಂಡತಿ ಸಾವಿತ್ರಿಬಾಯಿ.

ಬಂಧನದಲ್ಲಿದ್ದವರನ್ನು ಗುಟ್ಟಾಗಿ ಬಿಡುಗಡೆಯ ದಾರಿಗೆ ಹಚ್ಚಿದವರ ಕಥೆ ಎಂದರೆ ನಮಗೆ ನೆನಪಾಗುವುದು ಅಮೆರಿಕ. ಅಲ್ಲಿನ ಕಪ್ಪು ಗುಲಾಮರನ್ನು ರಾತ್ರೋರಾತ್ರಿ ದಾಟಿಸಿದವರ ಸಾಹಸ ಈಗ ಸಿನಿಮಾ, ಕಾದಂಬರಿ, ಶಾಲೆಯ ಪಾಠಗಳಲ್ಲೆಲ್ಲ ಇದೆ. ಅದೇ ಕಾಲದಲ್ಲಿ ಪುಣೆಯಲ್ಲೂ ಅಂಥ ಮನೆಗಳಿದ್ದವು ಎಂಬುದನ್ನು ನಾವು ಆ ಹೆಸರಿನಿಂದ ನೆನೆಯುವುದಿಲ್ಲ. ‘ಸಮಾಜ ಸುಧಾರಣೆ’ ಎಂಬ ಸೌಮ್ಯವಾದ ಮಾತಿನಲ್ಲಿ ಮುಚ್ಚಿಡುತ್ತೇವೆ. ಆದರೆ ಪುಣೆಯ ಆ ಮನೆಗಳನ್ನು ಕಟ್ಟಿದವರು ತಾವು ಮಾಡುತ್ತಿರುವುದು ಏನೆಂದು ಚೆನ್ನಾಗಿ ಬಲ್ಲವರಾಗಿದ್ದರು. ಅವರಲ್ಲೊಬ್ಬರು ಅಮೆರಿಕದ ಹೋರಾಟಗಾರರಿಗೆ ತಮ್ಮ ಪುಸ್ತಕವನ್ನೇ ಅರ್ಪಿಸಿದರು. ಇನ್ನೊಬ್ಬರು ಅಲ್ಲಿಗೇ ಹೋಗಿ, ಗುಲಾಮರನ್ನು ದಾಟಿಸಿದ ಹೆಂಗಸನ್ನು ಕಣ್ಣಾರೆ ಕಂಡು ಬಂದರು. ಆ ಇನ್ನೊಬ್ಬರು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು.

ಹಳಿಯಿಲ್ಲದ ರೈಲು

ಮೊದಲು ಅಮೆರಿಕದ ಸಂಗತಿ. ಅಲ್ಲಿ ಗುಲಾಮರನ್ನು ದಾಟಿಸುವ ಜಾಲಕ್ಕೆ ‘ಭೂಗತ ರೈಲು’ ಎಂದು ಹೆಸರು. ನೆಲದಡಿಯ ಸುರಂಗವೂ ಇರಲಿಲ್ಲ, ರೈಲೂ ಇರಲಿಲ್ಲ. ಇದ್ದದ್ದು ಮನೆಗಳು. ದಕ್ಷಿಣದ ತೋಟಗಳಿಂದ ತಪ್ಪಿಸಿಕೊಂಡು ಬಂದವರನ್ನು ಹಗಲು ಬಚ್ಚಿಟ್ಟು, ಊಟ ಹಾಕಿ, ರಾತ್ರಿ ಮುಂದಿನ ಮನೆಗೆ ತಲುಪಿಸುವ ಮನೆಗಳು. ಒಂದು ಮನೆಯವರಿಗೆ ಮುಂದಿನ ಮನೆ ಗೊತ್ತು, ಅದರಾಚೆಯದು ಗೊತ್ತಿರಬೇಕಾಗಿಲ್ಲ. 1850ರ ಕಾನೂನು ಬಂದ ಮೇಲೆ, ಓಡಿಬಂದ ಗುಲಾಮರಿಗೆ ಆಸರೆ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆಮನೆ. ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಲ್ಲೂ ಹಿಡಿದು ವಾಪಸು ಕಳಿಸಬಹುದಾಗಿತ್ತು. ಹಾಗಾಗಿ ದಾರಿ ಕೆನಡಾದವರೆಗೆ ಚಾಚಿಕೊಂಡಿತು.

ಈ ದಾರಿಯ ದೊಡ್ಡ ಹೆಸರು ಹ್ಯಾರಿಯೆಟ್ ಟಬ್ಮನ್. ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿ ಹುಟ್ಟಿದ ಈಕೆ 1849ರಲ್ಲಿ ಒಬ್ಬಳೇ ತಪ್ಪಿಸಿಕೊಂಡು ಫಿಲಡೆಲ್ಫಿಯಾ ಸೇರಿದಳು. ಅಷ್ಟಕ್ಕೆ ಸುಮ್ಮನಿರಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಹದಿಮೂರು ಸಲ ಅದೇ ಮೇರಿಲ್ಯಾಂಡಿಗೆ ಹಿಂತಿರುಗಿ, ಸುಮಾರು ಎಪ್ಪತ್ತು ಮಂದಿಯನ್ನು ಹೊರಗೆ ಕರೆತಂದಳು. ಮುನ್ನೂರು ಮಂದಿ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಅದು ಆಕೆಯ ಮೊದಲ ಜೀವನಚರಿತ್ರೆ ಬರೆದವರ ಉತ್ಸಾಹದ ಲೆಕ್ಕ. ಎಪ್ಪತ್ತೇನು ಕಡಿಮೆಯಲ್ಲ. ತಾನು ಓಡಿಬಂದ ಜಾಗಕ್ಕೆ ಒಂದು ಸಲ ಹಿಂತಿರುಗುವುದಕ್ಕೂ ಎಷ್ಟು ಎದೆ ಬೇಕು ಎಂದು ಯೋಚಿಸಿದರೆ ಸಾಕು.

ಅದೇ ಫಿಲಡೆಲ್ಫಿಯಾದಲ್ಲಿ ವಿಲಿಯಂ ಸ್ಟಿಲ್ ಎಂಬ ಕಪ್ಪು ಗುಮಾಸ್ತರಿದ್ದರು. ತಪ್ಪಿಸಿಕೊಂಡು ಬಂದವರನ್ನು ಕೂರಿಸಿ, ಊರು ಯಾವುದು, ತಂದೆತಾಯಿ ಯಾರು, ಯಾರನ್ನು ಬಿಟ್ಟು ಬಂದೆ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು. 1850ರಲ್ಲಿ ಒಂದು ದಿನ ಹೀಗೆ ಎದುರಿಗೆ ಕೂತವನೊಬ್ಬ ತನ್ನ ತಾಯಿತಂದೆಯ ಹೆಸರು ಹೇಳಿದ. ಅದು ಸ್ಟಿಲ್ ಅವರ ತಾಯಿತಂದೆಯ ಹೆಸರೇ ಆಗಿತ್ತು. ಎದುರಿಗಿದ್ದವನು ಗುಲಾಮಗಿರಿಯಲ್ಲೇ ಉಳಿದುಹೋಗಿದ್ದ, ತಾನು ಅದುವರೆಗೆ ಕಂಡೇ ಇರದ ಸ್ವಂತ ಅಣ್ಣ. ಬರೆದಿಡುವುದು ಎಷ್ಟು ಮುಖ್ಯ ಎಂಬುದು ಅವರಿಗೆ ಆ ದಿನ ಇನ್ನಷ್ಟು ಮನದಟ್ಟಾಯಿತು. ಸಿಕ್ಕಿಬಿದ್ದರೆ ಎಲ್ಲರಿಗೂ ಆಪತ್ತು ತರಬಲ್ಲ ಆ ಕಾಗದಗಳನ್ನು ಬಚ್ಚಿಟ್ಟು ಕಾಪಾಡಿ, ಗುಲಾಮಗಿರಿ ಕೊನೆಗೊಂಡ ಮೇಲೆ 1872ರಲ್ಲಿ ಪುಸ್ತಕವಾಗಿ ಅಚ್ಚುಹಾಕಿದರು. ಆ ಕಾರಣಕ್ಕೆ ಇವತ್ತು ನೂರಾರು ಓಡಿಬಂದವರ ಹೆಸರು ನಮಗೆ ಗೊತ್ತು.

ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಪುಣೆಯ ಮನೆಯಲ್ಲಿ ಆದದ್ದು ಇದಕ್ಕೆ ತಿರುಗುಮುರುಗು.

ತೊತ್ತು, ಕುಣಬೀಣ, ವಿಧವೆ

ಗುಲಾಮಗಿರಿ ನಮ್ಮಲ್ಲಿ ಇರಲಿಲ್ಲ, ಅದು ಪರದೇಶದ ಪಾಪ ಎಂದು ನಂಬುವುದು ಸುಲಭ. ಆದರೆ ನಮ್ಮ ಭಾಷೆಗೇ ಅದು ಗೊತ್ತು. ‘ತೊತ್ತು’ ಎಂಬ ಹಳಗನ್ನಡ ಕಾಲದ ಪದ ಇನ್ನೂ ಬೈಗುಳದಲ್ಲಿ ಉಳಿದಿದೆ. ಪೇಶ್ವೆಗಳ ಪುಣೆಯಲ್ಲಿ ಕೊಂಡು ಮಾರುವ ಹೆಣ್ಣಾಳಿಗೆ ‘ಕುಣಬೀಣ’ ಎಂದೂ ‘ಬಟೀಕ’ ಎಂದೂ ಹೆಸರಿತ್ತು. ಸರ್ಕಾರದ ದಫ್ತರಗಳಲ್ಲಿ ಅವರ ಲೆಕ್ಕವಿದೆ. ವ್ಯಭಿಚಾರದ ಆರೋಪ ಹೊತ್ತ ಹೆಂಗಸನ್ನು ಸರ್ಕಾರವೇ ವಶಕ್ಕೆ ತೆಗೆದುಕೊಂಡು ಕುಣಬೀಣ ಮಾಡುವುದೂ ಇತ್ತು. ಅಂದರೆ ಗಂಡನ ಮನೆಯ ಕಟ್ಟು ಮೀರಿದ ಹೆಣ್ಣಿಗೂ ಗುಲಾಮಗಿರಿಗೂ ನಡುವೆ ಇದ್ದದ್ದು ಒಂದೇ ಹೆಜ್ಜೆ. ಬ್ರಿಟಿಷರು 1843ರ ಕಾಯ್ದೆಯಲ್ಲಿ ಗುಲಾಮರ ಮೇಲಿನ ಒಡೆತನವನ್ನು ಕೋರ್ಟುಗಳು ಮಾನ್ಯ ಮಾಡಬಾರದು ಎಂದರು. 1860ರ ದಂಡಸಂಹಿತೆ ಗುಲಾಮರನ್ನು ಕೊಳ್ಳುವುದು ಮಾರುವುದನ್ನು ಅಪರಾಧವೆಂದಿತು. ಕಾಗದದ ಮೇಲೆ ಅಲ್ಲಿಗೆ ಮುಗಿಯಿತು.

ವಿಧವೆಯ ಸ್ಥಿತಿ ಯಾವ ಕಾಯ್ದೆಯಲ್ಲೂ ಗುಲಾಮಗಿರಿಯಾಗಿರಲಿಲ್ಲ. ಆಕೆಯನ್ನು ಯಾರೂ ಕೊಂಡಿರಲಿಲ್ಲ. 1856ರಲ್ಲಿ ಮರುಮದುವೆಗೆ ಕಾನೂನಿನ ಒಪ್ಪಿಗೆಯೂ ಸಿಕ್ಕಿತ್ತು. ಅಮೆರಿಕದ ಹೊಲಗಳಲ್ಲಿ ಚಾಟಿಯೇಟು ತಿಂದವರ ಪಾಡನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಎಂಟು ಹತ್ತು ವರ್ಷಕ್ಕೆ ಗಂಡ ಸತ್ತು, ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಸಂಬಳವಿಲ್ಲದೆ ಆ ಮನೆಯ ಅಡಿಗೆ, ನೀರು, ಮುಸುರೆ, ಬಾಣಂತನ ಎಲ್ಲ ಮಾಡುತ್ತಾ ಸಾಯುವವರೆಗೆ ಇರಬೇಕಾದ ಹುಡುಗಿಗೆ ಹೊರಗೆ ಹೋಗಲು ದಾರಿ ಎಲ್ಲಿತ್ತು? ಮನೆಯ ಗಂಡಸರಲ್ಲೇ ಯಾರಾದರೂ ಆಕೆಯನ್ನು ಕೆಡಿಸಿದರೆ ಅವನಿಗೇನೂ ಆಗುತ್ತಿರಲಿಲ್ಲ. ಬಸುರಾದರೆ ಆಕೆಗೆ ಉಳಿಯುತ್ತಿದ್ದದ್ದು ಬಾವಿ, ವಿಷ, ಇಲ್ಲವೇ ಹುಟ್ಟಿದ ಕೂಸಿನ ಕತ್ತು.

ಈ ಹೋಲಿಕೆ ನಾನು ಇವತ್ತು ಕೂತು ಹೊಸೆದದ್ದಲ್ಲ. 1873ರಲ್ಲಿ ಫುಲೆ ‘ಗುಲಾಮಗಿರಿ’ ಎಂಬ ಪುಸ್ತಕ ಬರೆದರು. ವಿಷಯ ಶೂದ್ರಾತಿಶೂದ್ರರ ಪಾಡು. ಅರ್ಪಣೆ ಮಾತ್ರ ಅಮೆರಿಕದ ಸಜ್ಜನರಿಗೆ. ಕಪ್ಪು ಜನರ ಬಿಡುಗಡೆಗಾಗಿ ಅವರು ಸ್ವಾರ್ಥವಿಲ್ಲದೆ ದುಡಿದದ್ದಕ್ಕೆ ಮೆಚ್ಚುಗೆ ಹೇಳಿ, ನನ್ನ ದೇಶದವರೂ ಅದನ್ನು ಮಾದರಿಯಾಗಿ ಹಿಡಿಯಲಿ ಎಂದು ಆಸೆಪಟ್ಟಿದ್ದಾರೆ. ಪುಣೆಯ ಗಲ್ಲಿಯೊಂದರಲ್ಲಿ ಕೂತು ಸಾವಿರಾರು ಮೈಲಿ ಆಚೆಯ ಹೋರಾಟವನ್ನು ತನ್ನ ಊರಿನ ಜೊತೆ ಜೋಡಿಸಿ ನೋಡಿದ ಮನಸ್ಸು ಅದು. ಆ ಹೊತ್ತಿಗೆ ಅವರ ಅಂಗಳದ ಬಾಗಿಲು ತೆರೆದು ಹತ್ತು ವರ್ಷವಾಗಿತ್ತು.

ಒಬ್ಬಳು ಅಂಡಮಾನಿಗೆ

ಆ ಬಾಗಿಲು ಯಾಕೆ ತೆರೆಯಿತು ಎಂಬುದನ್ನು ಫುಲೆ ತಾವೇ ಬರೆದಿದ್ದಾರೆ. 1884ರಲ್ಲಿ ಬೆಹ್ರಾಮ್‌ಜಿ ಮಲಬಾರಿ ಬಾಲ್ಯವಿವಾಹ ಮತ್ತು ವೈಧವ್ಯದ ಬಗ್ಗೆ ಟಿಪ್ಪಣಿ ಹೊರಡಿಸಿ ದೇಶದ ಗಣ್ಯರ ಅಭಿಪ್ರಾಯ ಕೇಳಿದಾಗ ಫುಲೆ ಕೊಟ್ಟ ಉತ್ತರದಲ್ಲಿ ಈ ಕಥೆ ಬರುತ್ತದೆ.

ಫುಲೆಯವರ ಗೆಳೆಯ ಸದಾಶಿವ ಬಲ್ಲಾಳ ಗೋವಂಡೆ ಸರ್ಕಾರಿ ನೌಕರಿಯಲ್ಲಿದ್ದ ಬ್ರಾಹ್ಮಣ. ಅವರ ಮನೆಯಲ್ಲಿ ಅಡಿಗೆ ಕೆಲಸಕ್ಕೆ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆ ಇದ್ದಳು. ನೆರೆಯ ಶಾಸ್ತ್ರಿಯೊಬ್ಬನಿಂದ ಆಕೆ ಬಸುರಾದಳು. ಬಸುರು ಇಳಿಸಲು ನೋಡಿದಳು, ಆಗಲಿಲ್ಲ. ಹೆತ್ತಳು. ಹೆತ್ತ ಕೂಸನ್ನು ಕೊಂದು ಮನೆಯ ಹಿಂದಿನ ಬಾವಿಗೆ ಹಾಕಿದಳು. ಎರಡು ದಿನದ ಮೇಲೆ ಪೊಲೀಸರು ಬಂದರು. ಪುಣೆಯ ಸೆಷನ್ಸ್ ಕೋರ್ಟು ಆಕೆಗೆ ಜೀವಾವಧಿ ಗಡೀಪಾರಿನ ಶಿಕ್ಷೆ ಕೊಟ್ಟು ಅಂಡಮಾನಿಗೆ ಕಳಿಸಿತು. ಶಾಸ್ತ್ರಿ ಊರಿನಲ್ಲೇ ಉಳಿದ.

ಈ ಪ್ರಕರಣದಲ್ಲಿ ಕಾನೂನು ತನ್ನ ಕೆಲಸ ಮಾಡಿತ್ತು. ಕೂಸಿನ ಕೊಲೆ ಕೊಲೆಯೇ. ಫುಲೆ ಹಿಡಿದದ್ದು ಅದಕ್ಕೂ ಹಿಂದಿನ ಪ್ರಶ್ನೆಯನ್ನು: ಆ ಕತ್ತಲೆಯ ರಾತ್ರಿ ಕಾಶೀಬಾಯಿ ಎದ್ದು ಎಲ್ಲಿಗೆ ಹೋಗಬಹುದಿತ್ತು? ಇಡೀ ಪುಣೆಯಲ್ಲಿ ಒಂದು ವಿಳಾಸವಿರಲಿಲ್ಲ. ಆ ವಿಳಾಸವನ್ನು ತಮ್ಮ ಅಂಗಳದಲ್ಲೇ ಹುಟ್ಟಿಸಿದರು. ಗಂಡಹೆಂಡಿರಿಗೆ ಮನೆಯಿಂದ ಹೊರಬೀಳುವುದು ಎಂದರೇನು ಎಂಬುದು ಹೊಸದೇನಲ್ಲ. ಕೆಳಜಾತಿಯ ಮಕ್ಕಳಿಗೆ, ಹುಡುಗಿಯರಿಗೆ ಪಾಠ ಹೇಳಿದ್ದಕ್ಕೆ ಊರವರ ಒತ್ತಡಕ್ಕೆ ಸಿಕ್ಕಿ ಫುಲೆಯವರ ತಂದೆಯೇ 1849ರಲ್ಲಿ ಅವರಿಬ್ಬರನ್ನೂ ಮನೆ ಬಿಡಿಸಿದ್ದರು.

ಗೋಡೆಗೆ ಅಂಟಿಸಿದ ಕಾಗದ ಎಲ್ಲರ ಕಣ್ಣಿಗೂ ಬೀಳುವಂಥದು. ಗುಟ್ಟು ಇದ್ದದ್ದು ಬಾಗಿಲ ಒಳಗೆ. ಇದೊಂದು ವಿಚಿತ್ರವಾದ ಜಾಣತನ. ಅಮೆರಿಕದಲ್ಲಿ ವಿಳಾಸವನ್ನು ಮುಚ್ಚಿಡಬೇಕಿತ್ತು, ಯಾಕೆಂದರೆ ಹಿಡಿಯಲು ಬರುವವರ ಕೈಯಲ್ಲಿ ವಾರಂಟ್ ಇರುತ್ತಿತ್ತು. ಪುಣೆಯಲ್ಲಿ ಹಿಡಿಯುತ್ತಿದ್ದದ್ದು ನಾಲಗೆ. ಅದಕ್ಕೆ ಸಿಗದಂತೆ ಬಚ್ಚಿಡಬೇಕಾದದ್ದು ಬಂದವಳನ್ನೇ ಹೊರತು ಮನೆಯನ್ನಲ್ಲ.

1884ರ ಆ ಉತ್ತರದಲ್ಲಿ ಫುಲೆ ಲೆಕ್ಕವನ್ನೂ ಕೊಡುತ್ತಾರೆ. ಅಲ್ಲಿಯವರೆಗೆ ಮೂವತ್ತೈದು ವಿಧವೆಯರು ಬಂದು ಹೆತ್ತಿದ್ದರು. ಮಕ್ಕಳಲ್ಲಿ ಬದುಕಿದ್ದವು ಐದು. ಈ ಎರಡನೆಯ ಅಂಕಿ ಓದಿದಾಗ ಎದೆ ಧಸಕ್ಕೆನ್ನುತ್ತದೆ. ಬಸುರನ್ನು ಮುಚ್ಚಿಡಲು, ಇಳಿಸಲು ಆ ತಾಯಂದಿರು ಕುಡಿದ ಮದ್ದುಗಳೇ ಹುಟ್ಟುವ ಮುಂಚೆಯೇ ಆ ಮಕ್ಕಳನ್ನು ಕೆಡಿಸಿರುತ್ತಿದ್ದವು ಎಂದು ಫುಲೆ ಬರೆಯುತ್ತಾರೆ. ಕೆಲಸ ಮಾಡಿದವರೇ ತಮ್ಮ ಕೆಲಸದ ಸೋಲನ್ನೂ ಹೀಗೆ ಬರೆದಿಡುವುದು ಅಪರೂಪ.

ಆ ಮೂವತ್ತೈದು ಮಂದಿಯ ಹೆಸರುಗಳು ಮಾತ್ರ ಅಲ್ಲಿಲ್ಲ. ವಿಲಿಯಂ ಸ್ಟಿಲ್ ಬರೆದಿಟ್ಟರು, ಯಾಕೆಂದರೆ ಹರಿದುಹೋದ ಕುಟುಂಬಗಳು ಮತ್ತೆ ಕೂಡಬೇಕಿತ್ತು. ಪುಣೆಯಲ್ಲಿ ಹೆಸರು ಬಯಲಾದರೆ ಆ ಹೆಂಗಸು ಮತ್ತೆ ಮನೆಗೆ ಹೋಗುವಂತೆಯೇ ಇರಲಿಲ್ಲ. ಚೆನ್ನಾಗಿ ಕಾಯ್ದ ಗುಟ್ಟು ಇತಿಹಾಸಕ್ಕೆ ಏನನ್ನೂ ಬಿಡುವುದಿಲ್ಲ. ನಮಗೆ ದಕ್ಕಿದ್ದು ಒಂದು ಮಗುವಿನ ಹೆಸರು. ಅಲ್ಲಿ ಹೆತ್ತ ಬ್ರಾಹ್ಮಣ ವಿಧವೆಯೊಬ್ಬಳ ಗಂಡುಮಗುವನ್ನು ಮಕ್ಕಳಿಲ್ಲದ ಫುಲೆ ದಂಪತಿ 1874ರಲ್ಲಿ ದತ್ತು ತೆಗೆದುಕೊಂಡು ಯಶವಂತ ಎಂದು ಹೆಸರಿಟ್ಟರು. ಆ ತಾಯಿಯ ಹೆಸರೂ ಕಾಶೀಬಾಯಿ ಎಂದೇ ಹೇಳುತ್ತಾರೆ. ಒಬ್ಬ ಕಾಶೀಬಾಯಿ ಅಂಡಮಾನಿಗೆ ಹೋದಳು. ಇನ್ನೊಬ್ಬಳ ಮಗ ಓದಿ ಡಾಕ್ಟರಾದ. ನಡುವೆ ಇದ್ದದ್ದು ಒಂದು ಬಾಗಿಲು.

ಗಂಗಾಮೂಲದಿಂದ ಫಿಲಡೆಲ್ಫಿಯಾಕ್ಕೆ

ಎರಡನೆಯ ಮನೆ ಪಂಡಿತಾ ರಮಾಬಾಯಿ ಅವರದು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲಿನಲ್ಲಿ ಅವರು ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸುತ್ತೇನೆಂದು ಹಟ ಹಿಡಿದು, ಊರವರ ವಿರೋಧ ಕಟ್ಟಿಕೊಂಡು ಕಾಡಿಗೆ ಬಂದು ನೆಲೆಸಿದವರು. ಅಂದರೆ ರಮಾಬಾಯಿ ಹುಟ್ಟಿದ್ದೇ ಒಂದು ಓಡಿಬಂದ ಮನೆಯಲ್ಲಿ. ಆಮೇಲೆ ಆಸ್ತಿ ಕರಗಿತು. ಸಂಸಾರ ಪುರಾಣ ಹೇಳುತ್ತಾ ಊರೂರು ಅಲೆಯಿತು. 1870ರ ದಶಕದ ಬರದಲ್ಲಿ ತಂದೆತಾಯಿ ಇಬ್ಬರೂ ಹಸಿವಿನಿಂದ ಬಳಲಿ ತೀರಿಕೊಂಡರು. ಅಣ್ಣನೊಂದಿಗೆ ನಡೆದು ನಡೆದು 1878ರಲ್ಲಿ ಕಲ್ಕತ್ತ ಮುಟ್ಟಿದ ಇಪ್ಪತ್ತರ ಹುಡುಗಿಯ ವಿದ್ವತ್ತನ್ನು ಕಂಡು ಅಲ್ಲಿನ ಪಂಡಿತರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಜಾತಿ ಮೀರಿ ಬಂಗಾಳಿಯೊಬ್ಬರನ್ನು ಮದುವೆಯಾದರು. ಎರಡೇ ವರ್ಷಕ್ಕೆ ಗಂಡ ಕಾಲರಾದಿಂದ ತೀರಿಕೊಂಡರು. ಕೈಯಲ್ಲಿ ಹಸುಳೆ ಮಗಳು ಮನೋರಮೆ. ವಿಧವೆಯಾಗಿ 1882ರಲ್ಲಿ ಪುಣೆಗೆ ಬಂದರು.

ಮರುವರ್ಷ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಿದಾಗ ಪುಣೆಯ ದೊಡ್ಡ ಮನುಷ್ಯರೆಲ್ಲ ಕೆಂಡವಾದರು. ‘ಸತ್ಸಾರ’ ಎಂಬ ಪುಸ್ತಿಕೆ ಬರೆದು ಆಕೆಯ ಪರ ನಿಂತವರು ಜೋತಿರಾವ್ ಫುಲೆ.

1886ರಲ್ಲಿ, ಬಂಧು ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ರಮಾಬಾಯಿ ಫಿಲಡೆಲ್ಫಿಯಾಕ್ಕೆ ಹೋದರು. ಟಬ್ಮನ್ ಓಡಿಬಂದು ಸೇರಿದ್ದ, ಸ್ಟಿಲ್ ಕಾಗದ ಬಚ್ಚಿಟ್ಟಿದ್ದ ಅದೇ ಊರು. ಕೆಲವೇ ತಿಂಗಳಿಗೆಂದು ಹೋದವರು ಸುಮಾರು ಮೂರು ವರ್ಷ ಉಳಿದು, ದೇಶದ ಉದ್ದಗಲ ಓಡಾಡಿ, ವಿಧವೆಯರ ಶಾಲೆಗಾಗಿ ಭಾಷಣ ಮಾಡಿ ಹಣ ಕೂಡಿಸಿದರು. 1887ರಲ್ಲಿ ಮೇಲುಜಾತಿಯ ಹಿಂದೂ ಹೆಣ್ಣಿನ ಪಾಡನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ ಹೊರಬಂತು.

ಅದೇ ವರ್ಷ ಮಾರ್ಚಿನಲ್ಲಿ ಮುಂಬಯಿಯ ಹೈಕೋರ್ಟು ರಖಮಾಬಾಯಿ ಎಂಬ ತರುಣಿಗೆ, ಚಿಕ್ಕಂದಿನಲ್ಲಿ ಕಟ್ಟಿಹಾಕಿದ ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಜೈಲಿಗೆ ಹೋಗು ಎಂದು ಆಜ್ಞೆ ಮಾಡಿತ್ತು. ಆಕೆ ಜೈಲನ್ನೇ ಆರಿಸಿಕೊಳ್ಳುತ್ತೇನೆ ಎಂದಳು. ತಪ್ಪಿಸಿಕೊಂಡವರನ್ನು ಹಿಡಿದು ಒಪ್ಪಿಸುವ ಕಾನೂನು ಅಮೆರಿಕದಲ್ಲಿ ಆ ಹೊತ್ತಿಗೆ ಇಲ್ಲವಾಗಿತ್ತು. ಮುಂಬಯಿಯಲ್ಲಿ ಇತ್ತು. ರಮಾಬಾಯಿ ಅಮೆರಿಕದ ಸಭೆಗಳಲ್ಲಿ ಮಾತನಾಡುತ್ತಿದ್ದದ್ದು ಈ ಹಿನ್ನೆಲೆಯಲ್ಲಿ.

ಆ ಓಡಾಟದ ನಡುವೆ ಅವರು ಹ್ಯಾರಿಯೆಟ್ ಟಬ್ಮನ್ ಅವರನ್ನು ಕಂಡರು. ಗುಲಾಮಳಾಗಿ ಹುಟ್ಟಿ, ತಪ್ಪಿಸಿಕೊಂಡು, ಮತ್ತೆ ಹೋಗಿ ಇತರರನ್ನು ಬಿಡಿಸಿ ತಂದ ಆ ಹೆಂಗಸಿನ ಬಗ್ಗೆ ಮಗಳು ಮನೋರಮೆಗೆ ಕಾಗದ ಬರೆದು ತಿಳಿಸಿದರು. ಟಬ್ಮನ್ ಆಗ ಆಬರ್ನ್ ಎಂಬ ಊರಿನ ತನ್ನ ಮನೆಯಲ್ಲಿ ದಿಕ್ಕಿಲ್ಲದ ಮುದುಕರನ್ನೂ ಅನಾಥರನ್ನೂ ಇಟ್ಟುಕೊಂಡು ಸಾಕುತ್ತಿದ್ದಳು. ದಾಟಿಸುವ ಕೆಲಸ ಮುಗಿದಿತ್ತು. ದಾಟಿಬಂದವರನ್ನು ಇಟ್ಟುಕೊಳ್ಳುವ ಕೆಲಸ ಮುಗಿದಿರಲಿಲ್ಲ. ಅಕ್ಷರ ಬಾರದ ಆ ಹೆಂಗಸೂ ಕಾಡಿನಲ್ಲಿ ಹುಟ್ಟಿ ಸಂಸ್ಕೃತ ಕಲಿತ ಈ ಹೆಂಗಸೂ ಎದುರೆದುರು ಕೂತ ಗಳಿಗೆಯನ್ನು ನಾನು ಬಹಳ ಸಲ ಊಹಿಸಿಕೊಳ್ಳಲು ನೋಡಿದ್ದೇನೆ. ಒಬ್ಬರಿಗೊಬ್ಬರು ಏನು ಕಲಿಸಿದರೋ. ಮುಂದಿನ ವರ್ಷಗಳಲ್ಲಿ ರಮಾಬಾಯಿ ಮಾಡಿದ್ದು ಮಾತ್ರ ಟಬ್ಮನ್ ಮಾಡಿದ್ದರ ಹಾಗೆಯೇ ಇದೆ: ಮೊದಲು ಒಂದು ಮನೆ, ಆಮೇಲೆ ಹಿಂತಿರುಗಿ ಹೋಗಿ ಕರೆತರುವುದು.

ಯಾತ್ರಿಕಳ ವೇಷ

1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. 1890ರ ನವೆಂಬರಿನಲ್ಲಿ ಅದು ಪುಣೆಗೆ ಬಂತು. ಅದೇ ನವೆಂಬರ್ 28ರಂದು ಜೋತಿರಾವ್ ಫುಲೆ ತೀರಿಕೊಂಡರು. ಒಂದು ಮನೆಯ ದೀಪ ಇನ್ನೊಂದಕ್ಕೆ ಹತ್ತಿಸಿದಂತೆ ಎಂದು ಹೇಳಿಬಿಡಬಹುದು. ಆದರೆ ಎರಡೂ ಮನೆಗಳ ರೀತಿ ಬೇರೆ. ಫುಲೆ ಮನೆ ಹೆರಿಗೆಯ ಆಪತ್ತು ದಾಟಿಸುತ್ತಿತ್ತು. ರಮಾಬಾಯಿಯ ಮನೆ ಓದು ಕಲಿಸಿ, ಕೈಗೊಂದು ಕಸುಬು ಕೊಟ್ಟು, ಮತ್ತೆ ಆ ಮನೆಗೆ ಹೋಗಲೇಬೇಕಾಗಿಲ್ಲ ಎನ್ನುವಂತೆ ಮಾಡಲು ಹೊರಟಿತ್ತು. ಇಲ್ಲಿ ಓದಿದ ಮೊದಲ ವಿಧವೆಯರಲ್ಲೊಬ್ಬಳಾದ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದರು. ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಅದೇ ಕರ್ವೆ.

ತಾವಾಗಿ ಬರಲಾರದವರ ಬಳಿಗೆ ಮನೆಯೇ ಹೋಗಬೇಕು ಎಂಬುದು ರಮಾಬಾಯಿಗೆ ಬೇಗ ತಿಳಿಯಿತು. 1890ರ ದಶಕದ ನಡುವಿನಲ್ಲಿ ಅವರು ಬಡ ಯಾತ್ರಿಕಳ ವೇಷದಲ್ಲಿ ವೃಂದಾವನಕ್ಕೆ ಹೋಗಿ ಅಲ್ಲಿನ ವಿಧವೆಯರ ನಡುವೆ ಉಳಿದರು. ಊರೂರಿಗೆ ಹೋಗಿ ಪುಣ್ಯದ ಆಸೆ ತೋರಿಸಿ ವಿಧವೆಯರನ್ನು ಅಲ್ಲಿಗೆ ಕರೆತರುವ ದಲ್ಲಾಳಿಗಳಿದ್ದರು. ಬಂದವರ ಕೈಯ ಹಣ ತೀರುವವರೆಗೆ ಉಪಚಾರ. ಆಮೇಲೆ ಬಾಡಿಗೆಯ ಸಾಲ, ಸಾಲಕ್ಕೆ ಪ್ರಾಯದ ಹುಡುಗಿಯರ ಮೈಯೇ ಒತ್ತೆ. ಮುದುಕಿಯಾದ ಮೇಲೆ ಭಜನೆ ಹಾಡಿ ಹಿಡಿ ಕಾಳು. ಸಾಲ ಕೊಟ್ಟು ಆಳನ್ನು ಹಿಡಿದಿಡುವ ಈ ಲೆಕ್ಕ ನಮ್ಮೂರಿನ ಜೀತ ಕಂಡವರಿಗೆ ಹೊಸದಲ್ಲ. ಜೀತಕ್ಕೆ ಕಾನೂನಿನ ತಡೆ ಬಂದದ್ದು 1976ರಲ್ಲಿ. ರಮಾಬಾಯಿ ಅದಕ್ಕೂ ಎಂಬತ್ತು ವರ್ಷ ಮೊದಲೇ ಅದರ ಇನ್ನೊಂದು ಮುಖವನ್ನು ವೇಷ ಮರೆಸಿಕೊಂಡು ಹೋಗಿ ನೋಡಿ, ಬರೆದು, ಕೆಲವರನ್ನಾದರೂ ಹೊರಗೆ ಕರೆತಂದರು.

1897, ನದಿಯ ಎರಡು ದಿಕ್ಕು

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಹಸಿದು ರಸ್ತೆಗೆ ಬಿದ್ದ ಹುಡುಗಿಯರನ್ನು ಹಿಡಿದು ಮಾರುವವರು ಎಲ್ಲ ಬರದಲ್ಲೂ ಇರುವಂತೆ ಅಲ್ಲೂ ಇದ್ದರು. ತಂದೆತಾಯಿಯನ್ನು ಬರದಲ್ಲೇ ಕಳೆದುಕೊಂಡಿದ್ದ ರಮಾಬಾಯಿ, ಆ ದಲ್ಲಾಳಿಗಳಿಗಿಂತ ಮೊದಲು ತಲುಪಬೇಕೆಂದು ಹೊರಟು, ತಂಡತಂಡವಾಗಿ ಹುಡುಗಿಯರನ್ನು ರೈಲಿನಲ್ಲಿ ಪುಣೆಗೆ ತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು. ಹೊಸಬರನ್ನು ಊರೊಳಗೆ ಸೇರಿಸುವಂತಿರಲಿಲ್ಲ. ದೌಂಡ್ ದಾರಿಯ ಕೇಡಗಾಂವ್‌ನಲ್ಲಿ ಅವರು ಮೊದಲೇ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಜಮೀನಿತ್ತು. ಅಲ್ಲಿ ಗುಡಾರ ಹಾಕಿ ಹುಡುಗಿಯರನ್ನು ಇಳಿಸಿದರು. ಅದೇ ಮುಂದೆ ‘ಮುಕ್ತಿ’ಯಾಯಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಸುಮಾರು ಒಂದೂವರೆ ಸಾವಿರ ಮಂದಿ. ಮಗ್ಗ, ಗಾಣ, ಹೈನು, ಅಚ್ಚುಮನೆ ಎಲ್ಲ ಹೆಂಗಸರದೇ ಕೈಯಲ್ಲಿ.

ಅದೇ 1897ರ ಮಾರ್ಚಿನಲ್ಲಿ, ಕಾಶೀಬಾಯಿಯ ಮಗ ಡಾಕ್ಟರ್ ಯಶವಂತ ಹಡಪಸರದ ಬಳಿ ಊರಾಚೆ ಪ್ಲೇಗಿನ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ. ಮುಂಢವಾದ ದಲಿತರ ಕೇರಿಯ ಹುಡುಗನೊಬ್ಬನಿಗೆ ಪ್ಲೇಗು ತಗುಲಿದ್ದು ತಿಳಿದು, ಅರವತ್ತೈದು ದಾಟಿದ ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತು ಮಗನ ಬಳಿಗೆ ತಂದರು. ಪ್ಲೇಗು ಅವರಿಗೂ ಹತ್ತಿತು. ಮಾರ್ಚ್ 10ರಂದು ತೀರಿಕೊಂಡರು. ವಿಮಾನ ನಗರದಿಂದ ಖರಾಡಿ ಕಡೆಗೆ ಹೋಗಿ ಮುಳಾ-ಮುಠಾ ಹೊಳೆಯ ಸೇತುವೆ ದಾಟಿದರೆ ಮುಂಢವಾ. ಅದರಾಚೆ ಹಡಪಸರ. ಐಟಿ ಕಂಪನಿಗಳ ಬಸ್ಸುಗಳು ಬೆಳಿಗ್ಗೆ ಸಂಜೆ ಓಡಾಡುವ ದಾರಿ ಇದು. ಕೂಸುಗಳನ್ನು ಉಳಿಸಲು ಬಾಗಿಲು ತೆರೆದವಳು, ಉಳಿದ ಕೂಸು ಡಾಕ್ಟರಾದ ಮೇಲೆ, ಇನ್ನೊಬ್ಬರ ಕೂಸನ್ನು ಹೊತ್ತು ನಡೆದ ನೆಲ.

ಬಿಡುಗಡೆಯ ಆಚೆ

ಈ ಮನೆಗಳನ್ನು ಬರೀ ಹೊಗಳಿ ಮುಗಿಸಿದರೆ ಅನ್ಯಾಯ. 1893ರಲ್ಲಿ, ಶಾರದಾ ಸದನದಲ್ಲಿ ಹುಡುಗಿಯರನ್ನು ಕ್ರೈಸ್ತ ಧರ್ಮದತ್ತ ಸೆಳೆಯಲಾಗುತ್ತಿದೆ ಎಂದು ಟಿಳಕರ ‘ಕೇಸರಿ’ ಕಿಡಿಕಾರಿತು. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಾಂಡಾರ್ಕರ್ ಅಂಥ ಸುಧಾರಕರೂ ಹೊರಬಂದರು. ಎಷ್ಟೋ ಹುಡುಗಿಯರನ್ನು ಅವರ ಮನೆಯವರು ಬಿಡಿಸಿಕೊಂಡು ಹೋದರು. ಧರ್ಮದ ವಿಷಯದಲ್ಲಿ ಒತ್ತಾಯವಿಲ್ಲ ಎಂಬ ಷರತ್ತಿನ ಮೇಲೆ ಶುರುವಾದ ಸದನವದು. ಕೇಡಗಾಂವಿನ ಮುಕ್ತಿಯಂತೂ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಬರದಲ್ಲಿ ಅನ್ನ ಕೊಟ್ಟವರು ಮುಂದಿಟ್ಟ ಧರ್ಮವನ್ನು ಬೇಡವೆನ್ನುವ ಬಲ ಹತ್ತು ವರ್ಷದ ಹುಡುಗಿಗೆ ಎಷ್ಟಿದ್ದೀತು? ಈ ಪ್ರಶ್ನೆಯನ್ನು ಕೇಳಬೇಕು. ಕೇಳುವಾಗಲೇ ಇನ್ನೊಂದನ್ನೂ ಕೇಳಬೇಕು: ಬಿಡಿಸಿಕೊಂಡು ಹೋದವರು ಆ ಹುಡುಗಿಯರನ್ನು ಎಲ್ಲಿಗೆ ಕರೆದುಕೊಂಡು ಹೋದರು? ಅದೇ ಅಡಿಗೆಮನೆಯ ಮೂಲೆಗೆ. ಬಾಗಿಲು ತೆರೆದವರನ್ನು ದೂರಿದ ಎಷ್ಟು ಮಂದಿ ತಮ್ಮ ಬಾಗಿಲು ತೆರೆದರು? ಕರ್ವೆ ತೆರೆದರು. ಮೂರು ವರ್ಷ ಕಳೆದು 1896ರಲ್ಲಿ ಹಿಂದೂ ವಿಧವೆಯರಿಗೆಂದೇ ತಾವೊಂದು ಮನೆ ಕಟ್ಟಿದರು. ರಮಾಬಾಯಿಗೆ ಸಿಕ್ಕ ಉತ್ತರಗಳಲ್ಲೆಲ್ಲ ನೇರಾದದ್ದು ಅದೊಂದೇ ಎಂದು ನನಗನ್ನಿಸುತ್ತದೆ.

ಕನ್ನಡದ ನೆಲಕ್ಕೂ ಈ ದಾರಿಯ ಒಂದು ಕವಲು ಬಂತು. ಮಗಳು ಮನೋರಮೆ ತಾಯಿಯ ನೆರವಿನಿಂದ, 1912ರ ಸುಮಾರಿಗೆ, ಆಗ ನಿಜಾಮರ ರಾಜ್ಯದಲ್ಲಿದ್ದ ಗುಲಬರ್ಗಾದಲ್ಲಿ ಶಾಲೆ ತೆರೆದಳು. 1921ರಲ್ಲಿ ಮಗಳು ತೀರಿಕೊಂಡಳು. ಒಂಬತ್ತು ತಿಂಗಳು ತುಂಬುವಷ್ಟರಲ್ಲಿ, 1922ರ ಏಪ್ರಿಲ್ 5ರಂದು, ತಾಯಿಯೂ ಹೋದರು. ಕೇಡಗಾಂವಿನ ಮುಕ್ತಿ ಇವತ್ತಿಗೂ ನಡೆಯುತ್ತಿದೆ. ಗಂಜ್ ಪೇಠೆಯ ಫುಲೆ ಮನೆ ಸ್ಮಾರಕವಾಗಿದೆ. ಯಾರು ಬೇಕಾದರೂ ಹೋಗಿ ನೋಡಬಹುದು.

ನಾನು ಹೋದಾಗ ಆ ಅಂಗಳದಲ್ಲಿ ನಿಂತು ಯೋಚಿಸಿದ್ದು ಧೈರ್ಯದ ಬಗ್ಗೆ ಅಲ್ಲ, ವಿಳಾಸದ ಬಗ್ಗೆ. ಓಡಿಹೋಗುವ ಧೈರ್ಯ ಓಡುವವರದೇ. ಅದನ್ನು ಯಾರೂ ಕೊಡಲಾರರು. ಆ ಮೂವತ್ತೈದು ಮಂದಿ ತುಂಬಿದ ಬಸುರು ಹೊತ್ತು, ಗುರುತು ಸಿಗದಂತೆ ಮುಸುಕೆಳೆದು, ತಮಗಿಂತ ಕೀಳೆಂದು ಹೇಳಿಕೊಟ್ಟಿದ್ದ ಜಾತಿಯವರ ಮನೆಯ ಕದ ತಟ್ಟಲು ಎಷ್ಟು ಗಟ್ಟಿ ಮನಸ್ಸು ಮಾಡಿರಬೇಕು. ಹೊರಗಿನವರು ಕೊಡಬಹುದಾದದ್ದು ಒಂದೇ: ತಟ್ಟಿದರೆ ತೆರೆಯುವ ಒಂದು ಕದ, ಮತ್ತು ಅದು ತೆರೆಯುತ್ತದೆ ಎಂಬ ಸುದ್ದಿ.

ಸಂಜೆ ವಿಮಾನ ನಗರಕ್ಕೆ ಹಿಂತಿರುಗಿದಾಗ ಗೇಟಿನಲ್ಲಿ ಹೊಸ ಕಾವಲುಗಾರ. ನನ್ನ ಗುರುತು ಅವನಿಗಿಲ್ಲ. ಹೆಸರು, ಮನೆ ನಂಬರು, ಫೋನ್ ನಂಬರು ಎಲ್ಲ ಹೇಳಿದೆ. ಅವನು ಬರೆದುಕೊಂಡ. ಅವನ ಕೆಲಸ ಅವನು ಮಾಡಿದ, ತಪ್ಪೇನಿಲ್ಲ. ಆದರೆ ಈ ಅಪಾರ್ಟ್‌ಮೆಂಟುಗಳಲ್ಲೂ ಹೆದರಿದ ಹೆಂಡತಿಯರು ಇರಬಹುದು. ಹಗಲಿರುಳು ಮನೆಯೊಳಗೇ ದುಡಿಯುವ ಕೆಲಸದ ಹುಡುಗಿಯರಿರಬಹುದು. ಅವರಲ್ಲಿ ಒಬ್ಬಳು ನಡುರಾತ್ರಿ ಹೊರಟರೆ ಹೆಸರು ಹೇಳದೆ ತಟ್ಟಬಹುದಾದ ಒಂದು ಕದ ಈ ಬೀದಿಯಲ್ಲಿ ಎಲ್ಲಿದೆ? ಲಿಫ್ಟಿನಲ್ಲಿ ಮೇಲೆ ಹೋಗುವಾಗ ಒಂದೊಂದೇ ಅಂತಸ್ತಿನ ಮುಚ್ಚಿದ ಬಾಗಿಲುಗಳನ್ನು ಮನಸ್ಸಿನಲ್ಲೇ ಎಣಿಸಿದೆ. ನನ್ನದೂ ಅದರಲ್ಲೊಂದು.